ಹೆಬ್ಬೆರಳು ನೋಡಿದರೆ ಲಿಂಗ ಕಾಣುತ್ತದೆ

(ಧಾರವಾಡದ ನಮ್ಮ ಬಡಾವಣೆಯ ಅಕ್ಕನ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತು. ನನಗೀಗ ಬರೆಯಲು ಆಗುವುದಿಲ್ಲ. ಮೊಮ್ಮಗಳು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಬರೆದು, ನನಗೆ ಎರಡು ಸಲ ಓದಿ ಹೇಳಿ ತಿದ್ದಿಸಿಕೊಂಡಳು.)

ಎಲ್ಲರಿಗೂ ಶರಣು ಶರಣಾರ್ಥಿ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮಾತಾಡುವಾಗ ನಾನು ಕಿಟಕಿ ಕಡೆ ನೋಡುತ್ತಿರುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಕಿಟಕಿ ನೋಡಿದರೇನೇ ನನಗೆ ಮುಂದಿನ ಸಾಲಿನವರು ಅಷ್ಟಿಷ್ಟು ಕಾಣುವುದು. ನೇರ ನೋಡಿದರೆ ನಿಮ್ಮ ಸೀರೆ ಕಾಣುತ್ತದೆ, ಕುರ್ಚಿಯ ಕಾಲು ಕಾಣುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಬೂದಿ ಬಣ್ಣದ ಒಂದು ಕಲೆ. ದಾರಿಯಲ್ಲಿ ಎದುರು ಬಂದರೂ ಮಾತಾಡಿಸದೆ ಹೋಗಿಬಿಟ್ಟೆ ಅಂತ ನಿಮ್ಮಲ್ಲಿ ಕೆಲವರಿಗೆ ನೋವಾಗಿದೆ. ಅದು ನನ್ನ ಕಿವಿಗೆ ಬಿದ್ದಿದೆ. ದಯವಿಟ್ಟು ಮುಂದೆ ಸಿಕ್ಕಾಗ ನೀವೇ ಮೊದಲು ಹೆಸರು ಹೇಳಿ ಮಾತಾಡಿಸಿ.

ನನಗೀಗ 76 ವರ್ಷ. ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಿವೃತ್ತಿ ಆದ ಮೇಲೆ ಇದೇ ಬಳಗದಲ್ಲಿ ವಚನ ಓದಿ ಅರ್ಥ ಹೇಳುತ್ತಿದ್ದೆ. ಪುಸ್ತಕ, ಕನ್ನಡಕ, ಕೊರಳಲ್ಲಿ ಧರಿಸುವ ಇಷ್ಟಲಿಂಗ. ನನ್ನ ಬೆಳಗು ಈ ಮೂರರಿಂದಲೇ ಶುರುವಾಗುತ್ತಿತ್ತು. ಮೊದಲ ಎರಡು ಹೋದವು. ಮೂರನೆಯದೂ ಹೋದಂತೆ ಅನ್ನಿಸಿದ ದಿನಗಳಿದ್ದವು. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನಾನು ಸಣ್ಣವಳಿದ್ದಾಗ, 1960ರ ದಶಕದಲ್ಲಿ, ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಗ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರ ಅಂದರೆ ಊರಿಗೆ ಜಾತ್ರೆ ಬಂದ ಹಾಗೆ. ಅವರು ಬೀಳಗಿಯಲ್ಲಿ ಹುಟ್ಟಿದವರು. ಹಳ್ಳಿಹಳ್ಳಿಗೆ ಬಂದು, ದುಡ್ಡು ತೆಗೆದುಕೊಳ್ಳದೆ ಸಾವಿರಾರು ಮುದುಕ-ಮುದುಕಿಯರಿಗೆ ಬೆಳಕು ಕೊಟ್ಟ ಪುಣ್ಯಾತ್ಮ. ನಮ್ಮಪ್ಪ ಆಯಿಯನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋದರು. ಕೆಲವು ದಿನ ಬಿಟ್ಟು ಪಟ್ಟಿ ಬಿಚ್ಚಿದರು. ದಪ್ಪ ಗಾಜಿನ ಕನ್ನಡಕ ಹಾಕಿದರು. ಆಯಿ ಮೊದಲು ನನ್ನನ್ನು ನೋಡುತ್ತಾಳೆ ಅಂತ ನಾನು ಎದುರಿಗೇ ನಿಂತಿದ್ದೆ. ಆಕೆ ಲಿಂಗ ಇಡುವ ಕರಡಿಗೆ ಬಿಚ್ಚಿದಳು, ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಳು. ನೋಡಿದಳು, ನೋಡಿದಳು, ಅಷ್ಟೊತ್ತು ನೋಡಿದಳು. ಆಮೇಲೆ "ಕಾಣಾಕತ್ತಿದ್ಯೋ ಯಪ್ಪಾ" ಅಂತ ಅತ್ತಳು.

ಕಣ್ಣು ಇರುವುದೇ ಲಿಂಗ ನೋಡುವುದಕ್ಕೆ ಅಂತ ನನ್ನ ತಲೆಯಲ್ಲಿ ಅವತ್ತೇ ಕೂತುಬಿಟ್ಟಿತು. ನಮ್ಮ ಪೂಜೆಯೂ ಹಾಗೇ ಇದೆಯಲ್ವಾ? ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಆಮೇಲೆ ಕಣ್ಣಿನ ಎತ್ತರಕ್ಕೆ ಹಿಡಿದು ರೆಪ್ಪೆ ಹೊಡೆಯದೆ ನೋಡುವುದು. ಆ ನೋಟವೇ ಪೂಜೆಯ ಜೀವ ಅಂತ ಹಿರಿಯರು ಕಲಿಸಿದ್ದು.

ಇನ್ನು ನನ್ನ ರೋಗದ ವಿಷಯ. ಎಂಟು ವರ್ಷದ ಹಿಂದೆ ಒಂದು ದಿನ ಬಚ್ಚಲಮನೆಯ ಟೈಲ್ಸಿನ ಗೆರೆ ನೀರಿನಲ್ಲಿ ಕಂಡಂತೆ ಅಲೆಅಲೆಯಾಗಿ ಕಂಡವು. ಬಾಗಿಲ ಚೌಕಟ್ಟು ನಡುವೆ ಸೊಟ್ಟಗಾಗಿತ್ತು. ಚಷ್ಮಾದ ಅಂಗಡಿಗೆ ಹೋದೆ. "ವಯಸ್ಸಾಯ್ತಲ್ರಿ ಬಾಯಾರ, ನಂಬರ್ ಬದಲಾಗೇತಿ" ಅಂದರು. ಹೊಸ ಗಾಜು ಹಾಕಿಕೊಟ್ಟರು. ಎರಡು ತಿಂಗಳಿಗೆ ಮತ್ತೆ ಹೋದೆ, ಮತ್ತೊಂದು ಗಾಜು. ಅಷ್ಟರಲ್ಲಿ ಶ್ರಾವಣ ಬಂತು. ಮಠದಲ್ಲಿ ತಿಂಗಳಿಡೀ ಪುರಾಣ. ಮಗ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದ. ನಾನು "ಶ್ರಾವಣ ಮುಗೀಲಿ, ದೇವರು ನೋಡ್ಕೋತಾನ" ಅಂದೆ.

ಶ್ರಾವಣ ಮುಗಿಯುವ ಹೊತ್ತಿಗೆ ಬಲಗಣ್ಣಿನ ನಡುಭಾಗ ಹೋಗಿತ್ತು.

ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಆದರೆ ಹೇಳಲೇಬೇಕು. ಅಂಗಡಿಯವರು ತಿಳಿಯದೆ ಮಾಡಿದರು. ನಾನು ಓದಿದವಳಾಗಿ ದೇವರ ಹೆಸರು ಮುಂದೆ ಮಾಡಿಕೊಂಡು ಕೂತೆ. ನನಗೆ ಆಸ್ಪತ್ರೆಯ ಹೆದರಿಕೆ ಇತ್ತು. ಆ ಹೆದರಿಕೆಯನ್ನೇ ಭಕ್ತಿ ಅಂದುಕೊಂಡೆ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಟಾಕೀಸಿನಲ್ಲಿ ಸಿನಿಮಾ ನೋಡಿದ್ದೀರಲ್ಲ, ಮಷಿನ್ನಿನ ಗಾಜು ಮಸುಕಾದರೆ ಅದು ಪೊರೆ. ಗಾಜು ಬದಲಾಯಿಸಬಹುದು, ಚಿತ್ರ ಮತ್ತೆ ಚೊಕ್ಕ ಕಾಣುತ್ತದೆ. ನಮ್ಮ ಆಯಿಗೆ ಆಗಿದ್ದು ಅದು. ನನಗೆ ಪರದೆಯೇ ಹಾಳಾಗಿದೆ. ಕಣ್ಣಿನ ಹಿಂಭಾಗದ ಪರದೆಗೆ ರೆಟಿನಾ ಅನ್ನುತ್ತಾರೆ. ಅದರ ನಟ್ಟನಡುವಿನ ಚಿಕ್ಕ ಜಾಗ ಮ್ಯಾಕುಲಾ. ಓದುವುದು, ಮುಖ ಗುರುತು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ವಯಸ್ಸಾದಂತೆ ಕೆಲವರಿಗೆ ಅದು ಸವೆಯುತ್ತದೆ. ಅದರಲ್ಲಿ ಒಣ ಬಗೆ, ಒದ್ದೆ ಬಗೆ ಅಂತ ಎರಡು. ಒಣ ಬಗೆ ನಿಧಾನ. ಒದ್ದೆ ಬಗೆಯಲ್ಲಿ ರೆಟಿನಾದ ಕೆಳಗೆ ಬೇಡದ ರಕ್ತನಾಳ ಬೆಳೆದು ಸೋರುತ್ತವೆ. ಅದು ಕೆಲವೇ ವಾರಗಳಲ್ಲಿ ನೋಟ ತಿಂದುಬಿಡಬಹುದು. ಗೆರೆ ಸೊಟ್ಟ ಕಾಣುವುದೇ ಅದರ ಮೊದಲ ಸುಳಿವು. ಹಾಗಂತ ಪೂರ್ತಿ ಕತ್ತಲೆ ಆಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ. ನಾನು ಓಣಿಯಲ್ಲಿ ನಡೆದು ಬರುತ್ತೇನೆ, ನಿಮ್ಮ ಮುಖ ಕಾಣುವುದಿಲ್ಲ. ಎರಡೂ ನಿಜ. "ನಡೀತಾಳ, ಮತ್ತ ಕಾಣಲ್ಲ ಅಂತಾಳ" ಅಂತ ಆಡಿಕೊಳ್ಳುವವರಿಗೆ ಇದು ಗೊತ್ತಿರಲಿ.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ. ಹಾಳೆಯ ನಡುವೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಓದುವ ಚಷ್ಮಾ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ. ಆಮೇಲೆ ಇನ್ನೊಂದು ಕಣ್ಣು. ಗೆರೆಗಳು ಡೊಂಕಾಗಿ ಕಂಡರೆ, ಅಲ್ಲಲ್ಲಿ ಅಳಿಸಿದಂತೆ ಕಂಡರೆ ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಶ್ರಾವಣ ಇರಲಿ, ಮದುವೆ ಇರಲಿ. ಎರಡೂ ಕಣ್ಣು ತೆರೆದು ನೋಡಿದರೆ ತಿಳಿಯುವುದಿಲ್ಲ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪು ಮುಚ್ಚಿಹಾಕುತ್ತದೆ. ನಾನು ಮೋಸ ಹೋಗಿದ್ದು ಅಲ್ಲೇ.

ಎಡಗಣ್ಣಿಗೆ ಬಂದಾಗ ತಡ ಮಾಡಲಿಲ್ಲ. ಕಣ್ಣೊಳಗೆ ಇಂಜೆಕ್ಷನ್ ಕೊಟ್ಟರು, ತಿಂಗಳಿಗೊಂದರಂತೆ ಮೊದಲು ಮೂರು, ಆಮೇಲೆ ಬೇಕಾದಾಗ. ಕಣ್ಣಿಗೆ ಸೂಜಿ ಅಂದಕೂಡಲೇ ಎದೆ ಝಲ್ ಅನ್ನುತ್ತದೆ, ಅಲ್ವಾ? ಮರಗಟ್ಟಿಸುವ ಹನಿ ಹಾಕುತ್ತಾರೆ, ಒತ್ತಿದಂತಾಗುತ್ತದೆ, ಮುಗಿಯಿತು. ಸೂಜಿ ಹೋಗುವಾಗ ನಾನು ಮನಸ್ಸಿನಲ್ಲಿ ಓಂ ನಮಃ ಶಿವಾಯ ಅನ್ನುತ್ತಿದ್ದೆ. ಆ ಇಂಜೆಕ್ಷನ್ನಿನಿಂದಲೇ ಎಡಗಣ್ಣಿನಲ್ಲಿ ಇಷ್ಟಾದರೂ ಉಳಿದಿದೆ. ಜನ ಹೇಳಿದ ಮದ್ದು ಒಂದೆರಡಲ್ಲ. ಜೇನುತುಪ್ಪ ಬಿಡಿ, ನಂದಿಬಟ್ಟಲ ಹೂವಿನ ರಸ ಹಿಂಡಿ, ಇನ್ನೊಂದು ಮಗದೊಂದು. ದಯವಿಟ್ಟು ಯಾರೂ ಕಣ್ಣಿಗೆ ಏನೂ ಹಿಂಡಿಕೊಳ್ಳಬೇಡಿ.

ಇನ್ನು ಪೂಜೆಯ ಮಾತು.

ಒಂದು ಬೆಳಗ್ಗೆ ಎಂದಿನಂತೆ ಕೂತೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ನೋಡಿದೆ. ಬೆರಳು ಕಂಡವು, ಅಂಗೈ ಅಂಚು ಕಂಡಿತು, ಮುಂಗೈಯ ಬಳೆ ಕಂಡಿತು. ನಡುವೆ ಲಿಂಗ ಇರಲಿಲ್ಲ. ಭಾರ ಇತ್ತು, ತಂಪು ಇತ್ತು, ಲಿಂಗ ಇರಲಿಲ್ಲ. ಕೈ ಹತ್ತಿರ ತಂದೆ, ದೂರ ಹಿಡಿದೆ, ದೀಪದ ಕಡೆ ತಿರುಗಿದೆ. ನೋಡಬೇಕು ಅಂತ ಎಷ್ಟು ಹಟ ಮಾಡಿದರೆ ಅಷ್ಟು ಚೆನ್ನಾಗಿ ಮಾಯವಾಗುತ್ತಿತ್ತು. ಅರವತ್ತು ವರ್ಷ ದಿನಾ ನೋಡಿದ್ದು, ನನ್ನ ಕೈಯಲ್ಲೇ ಇದ್ದು, ನನಗೆ ಇಲ್ಲವಾಗಿತ್ತು.

ಸಿಟ್ಟು ಬಂತು. ಸುಮ್ನೆ ಸಣ್ಣ ಸಿಟ್ಟಲ್ಲ. ಅತ್ತಲಿತ್ತ ಹೋಗದಂತೆ ಹೆಳವನ ಮಾಡು, ಸುತ್ತಿ ಸುಳಿದು ನೋಡದಂತೆ ಅಂಧಕನ ಮಾಡು ಅಂತ ಬಸವಣ್ಣನವರು ಬೇಡಿದ ವಚನ ನಿಮಗೆಲ್ಲ ಬರುತ್ತದೆ. ಅದನ್ನು ನಾನು ವರ್ಷ ವರ್ಷ ಮಕ್ಕಳಿಗೆ ಕಲಿಸಿದ್ದೇನೆ, ಇಲ್ಲೇ ಹಾಡಿದ್ದೇನೆ. ಅವತ್ತು "ನಾನು ಹಾಡಿದ್ದು ಅಷ್ಟೇ, ಬೇಡಿರಲಿಲ್ಲ" ಅಂತ ಕೂಗಬೇಕು ಅನ್ನಿಸಿತು. ಹದಿನೇಳು ದಿನ ಪೂಜೆಗೆ ಕೂರಲಿಲ್ಲ. ಜಳಕ ಆದ ಮೇಲೆ ಲಿಂಗಕ್ಕೆ ನೀರು ಹಾಕಿ, ಒರೆಸಿ, ಕರಡಿಗೆಗೆ ಹಾಕಿ, ಶಿವದಾರ ಕೊರಳಿಗೆ ಹಾಕಿಕೊಂಡುಬಿಡುತ್ತಿದ್ದೆ. ಸೊಸೆಗೆ ಗೊತ್ತಾಗಿತ್ತು. ಆಕೆ ಏನೂ ಕೇಳಲಿಲ್ಲ. ದಿನಾ ಪತ್ರಿ ತೊಳೆದು ತಟ್ಟೆಯಲ್ಲಿ ಇಡುವುದನ್ನು ಮಾತ್ರ ಬಿಡಲಿಲ್ಲ. ಆ ಹದಿನೇಳು ದಿನದ ಪತ್ರಿಗೆ ನಾನು ಆಕೆಗೆ ಋಣಿ.

ಆ ದಿನಗಳಲ್ಲೇ ಮನೆಗೆ ಬಂದವರೊಬ್ಬರು "ಹಿಂದಿನ ಜನ್ಮದ್ದು ಬಾಯಾರ, ಅನುಭವಿಸಬೇಕು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಕಣ್ಣು ಕಳೆದುಕೊಂಡವರ ಮುಂದೆ ಈ ಮಾತು ಆಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ರೋಗದ ಜೊತೆಗೆ ಪಾಪವನ್ನೂ ಹೊರಿಸಿದಂತಾಗುತ್ತದೆ. ಆ ವಚನದ ವಿಷಯದಲ್ಲೂ ನಾನು ಆಮೇಲೆ ಒಂದು ತೀರ್ಮಾನಕ್ಕೆ ಬಂದೆ. ಅಲೆದಾಡುವ ನೋಟ ನಿಲ್ಲಲಿ ಅಂತ ಬಸವಣ್ಣನವರು ಬೇಡಿದ್ದು. ನನಗೆ ಬಂದದ್ದು ರೋಗ. ಎರಡನ್ನೂ ಕಲಸಿ "ದೇವರು ನಿಮ್ಮ ಮೇಲೆ ಕೃಪೆ ಮಾಡ್ಯಾನ" ಅಂದರೆ ನಾನು ಒಪ್ಪುವುದಿಲ್ಲ. ಇವತ್ತು ಮದ್ದು ಸಿಕ್ಕರೆ ಇವತ್ತೇ ಹಾಕಿಸಿಕೊಳ್ಳುತ್ತೇನೆ.

ಕೊನೆಗೆ ಮಠಕ್ಕೆ ಹೋಗಿ ಅಜ್ಜಾರ, ಅಂದರೆ ಅಲ್ಲಿನ ಸ್ವಾಮಿಗಳ, ಮುಂದೆ ಕೂತು ಕೇಳಿದೆ: "ಅಜ್ಜಾರ, ಲಿಂಗ ಕಾಣವಲ್ದು. ಪೂಜೆ ಹೆಂಗ ಮಾಡ್ಲಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಗದಗಿನ ಅಜ್ಜಾರು ಹೆಂಗ ಮಾಡ್ತಿದ್ರವ್ವಾ?" ಅಂತ ನನ್ನನ್ನೇ ಕೇಳಿದರು.

ಅಷ್ಟು ಹತ್ತಿರದ ಗದಗು, ನನಗೆ ಹೊಳೆದೇ ಇರಲಿಲ್ಲ. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, 1892ರಲ್ಲಿ ಹುಟ್ಟಿ 1944ರಲ್ಲಿ ಲಿಂಗೈಕ್ಯರಾದವರು, ಹುಟ್ಟಿನಿಂದಲೇ ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕೂಸಿದ್ದಾಗಲೇ ಕಣ್ಣು ಕಳೆದುಕೊಂಡವರು. 1914ರಿಂದ 2010ರವರೆಗೆ ತುಂಬು ಬಾಳು ಬಾಳಿದರು. ಹಾರ್ಮೋನಿಯಂ, ತಬಲಾ, ವಯೊಲಿನ್ ಏನೇ ಹಿಡಿದರೂ ನುಡಿಸುವರು. ನಾಟಕ ಬರೆದರು, ಪುರಾಣ ಬರೆದರು, ನೂರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದರು. ಅವರ ಇಷ್ಟಲಿಂಗ ಪೂಜೆ ತಾಸುಗಟ್ಟಲೆ ನಡೆಯುತ್ತಿತ್ತು ಅನ್ನುವುದು ಈ ಭಾಗದ ಎಲ್ಲರಿಗೂ ಗೊತ್ತು. ಲಿಂಗದ ರೂಪವನ್ನು ಕಣ್ಣಿನಿಂದ ಕಂಡ ನೆನಪೂ ಅವರಿಗೆ ಇರಲಾರದು. ಅವರ ಅಂಗೈ ಮೇಲಿನ ಲಿಂಗ ನನ್ನ ಲಿಂಗಕ್ಕಿಂತ ಕಮ್ಮಿಯದಾಗಿತ್ತೇ?

ಒಂದು ಮಾತು ಸೇರಿಸಬೇಕು. ಗವಾಯಿಗಳ ಹೆಸರು ಹೇಳಿ ಮುದುಕರ ಬಾಯಿ ಮುಚ್ಚಿಸಬಾರದು. ಕೂಸಿನಿಂದ ಕಣ್ಣಿಲ್ಲದೆ ಬೆಳೆದವರ ಬೆರಳು, ಕಿವಿ ಬೇರೆಯೇ ತರಬೇತಿ ಪಡೆದಿರುತ್ತವೆ. ಎಪ್ಪತ್ತರ ಮೇಲೆ ಕಳೆದುಕೊಂಡವರಿಗೆ ಆ ಕಲಿಕೆಗೆ ಕಾಲ ಬೇಕು, ಅಳುವುದಕ್ಕೂ ಕಾಲ ಬೇಕು. ಅಜ್ಜಾರು ನನಗೆ "ಅವರು ಮಾಡಿದರು, ನೀನ್ಯಾಕೆ ಅಳ್ತಿ" ಅನ್ನಲಿಲ್ಲ. ಪ್ರಶ್ನೆ ಕೇಳಿ ಸುಮ್ಮನಾದರು.

ಮರುದಿನ ಕೂತೆ. ವಿಭೂತಿ ಹಚ್ಚಿಕೊಳ್ಳಲು ಕನ್ನಡಿ ಎಂದೂ ಬೇಕಾಗಿರಲಿಲ್ಲ, ಮೂರು ಬೆರಳಿಗೆ ಹಣೆ ಗೊತ್ತು. ಪತ್ರಿ ತೆಗೆದುಕೊಂಡೆ. ಒಂದು ತೊಟ್ಟಿಗೆ ಮೂರು ಎಲೆ ಇದೆಯೋ ಇಲ್ಲವೋ ಬೆರಳಿನಿಂದ ನೋಡಿದೆ. ಒಂದು ಎಲೆಗೆ ಹುಳ ಕಚ್ಚಿದ ತೂತು ಇತ್ತು, ಅದೂ ಸಿಕ್ಕಿತು. ಲಿಂಗಕ್ಕೆ ನೀರೆರೆದೆ. ನೀರು ಲಿಂಗದ ಮೇಲಿಂದ ಇಳಿದು ಅಂಗೈಯ ಗೆರೆ ಹಿಡಿದು ಮುಂಗೈಗೆ ಹರಿಯಿತು. ಅರವತ್ತು ವರ್ಷ ಅದು ಹಾಗೆ ಹರಿದಿರಬೇಕು. ಕಣ್ಣು ಕೆಲಸ ಮಾಡುತ್ತಿದ್ದಾಗ ನನ್ನ ಗಮನಕ್ಕೇ ಬಂದಿರಲಿಲ್ಲ. ಮೊದಲು ತಣ್ಣಗಿದ್ದ ಲಿಂಗ ಸ್ವಲ್ಪ ಹೊತ್ತಿಗೆ ಕೈಯ ಬಿಸಿ ಹಿಡಿಯಿತು. ಲಿಂಗ ಯಾವುದು, ಕೈ ಯಾವುದು ಅಂತ ಬೇರೆ ಮಾಡಲು ಆಗದಷ್ಟು ಒಂದೇ ಬಿಸಿ. ನಾನು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಸೊಸೆ ಚಹಾ ಎರಡು ಸಲ ಬಿಸಿ ಮಾಡಿದ್ದಳಂತೆ.

ಹೆಬ್ಬೆರಳಿನ ಉಪಾಯ ಸಿಕ್ಕಿದ್ದು ಆಮೇಲೆ. ಆಸ್ಪತ್ರೆಯಲ್ಲಿ ಕಡಿಮೆ ದೃಷ್ಟಿಯವರಿಗೆ ತರಬೇತಿ ಕೊಡುವ ಹುಡುಗಿ ಇದ್ದಳು. "ಆಂಟಿ, ನೋಡಬೇಕಾದ್ದನ್ನ ನೇರ ನೋಡಬ್ಯಾಡ್ರಿ, ಅದರ ಬಾಜೂಕ ನೋಡ್ರಿ" ಅಂತ ಕಲಿಸಿದಳು. ನಡುವಿನ ಜಾಗ ಸತ್ತಿದ್ದರೂ ಅದರ ಪಕ್ಕದ ಪರದೆ ಕೆಲಸ ಮಾಡುತ್ತದೆ. ಯಾವ ಕಡೆ ಓರೆಯಾಗಿ ನೋಡಿದರೆ ಜಾಸ್ತಿ ಕಾಣುತ್ತದೆ ಅಂತ ಅವರವರೇ ಹುಡುಕಿಕೊಳ್ಳಬೇಕು. ನಾನು ಹುಡುಕಿದ್ದು ಪೂಜೆಯಲ್ಲಿ. ಹೆಬ್ಬೆರಳಿನ ಉಗುರು ನೋಡಿದೆ. ನೋಟದ ಅಂಚಿನಲ್ಲಿ ಕಪ್ಪಗೆ, ಸಣ್ಣಗೆ, ಮೇಲೆ ಬಿಳಿ ವಿಭೂತಿಯ ಗೆರೆ ಇಟ್ಟುಕೊಂಡು ಲಿಂಗ ಕೂತಿತ್ತು. ಲಿಂಗದ ಕಡೆ ಕಣ್ಣು ತಿರುಗಿಸಿದೆ, ಹೋಯಿತು. ಹೆಬ್ಬೆರಳಿಗೆ ಬಂದೆ, ಬಂತು. ಈಗ ಕೆಲವು ದಿನ ಹೆಬ್ಬೆರಳು ನೋಡುತ್ತೇನೆ, ಕೆಲವು ದಿನ ಕಣ್ಣು ಮುಚ್ಚಿಯೇ ಕೂರುತ್ತೇನೆ. ಎರಡರಲ್ಲಿ ಯಾವುದು ಸರಿ ಅಂತ ಅಜ್ಜಾರನ್ನು ಕೇಳಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಮುಚ್ಚಿಡುತ್ತಾರೆ. ನಾನೂ ಮುಚ್ಚಿಟ್ಟಿದ್ದೆ. ಒಂದು ಸಂಜೆ ಕಪಾಟಿನ ಮೇಲೆ ಗೇಣುದ್ದದ ಜನ ಸಾಲಾಗಿ ಕೂತಿದ್ದರು. ತಲೆಗೆ ಕೆಂಪು ರುಮಾಲು, ಮೈಮೇಲೆ ಜರಿ ಅಂಚಿನ ಶಲ್ಯ. ಜರಿಯ ಒಂದೊಂದು ಎಳೆ ಕಾಣುತ್ತಿತ್ತು. ಮಗನ ಮುಖವೇ ಕಾಣದ ಕಣ್ಣಿಗೆ ಅದು ಅಷ್ಟು ಚೊಕ್ಕ ಕಾಣುತ್ತಿತ್ತು! ಅವರು ಮಾತಾಡಲಿಲ್ಲ, ಕರೆಯಲಿಲ್ಲ. ಸುಮ್ನೆ ಕೂತಿದ್ದರು. ಆಮೇಲೆ ಗೋಡೆಯ ಮೇಲೆ ಹೂಬಳ್ಳಿ ಹಬ್ಬತೊಡಗಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಕರೆದುಕೊಂಡು ಹೋಗಲು ಬಂದಿದ್ದಾರೆ ಅಂತ ಒಮ್ಮೆ ಅನ್ನಿಸುತ್ತಿತ್ತು. ತಲೆ ಕೆಟ್ಟಿತು ಅಂತ ಇನ್ನೊಮ್ಮೆ. ಒಬ್ಬ ಗೆಳತಿಗೆ ಹೇಳಿದಾಗ ಆಕೆ ನನ್ನ ಕಾಲು ಮುಟ್ಟಲು ಬಂದಳು. "ನಿನಗ ಪುರಾತನರು, ಹಿಂದಿನ ಶರಣರು, ದರ್ಶನ ಕೊಡಾಕತ್ತಾರವ್ವಾ" ಅಂದಳು.

ಧೈರ್ಯ ಮಾಡಿ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅಂತ ಹೆಸರೇ ಇದೆಯಂತೆ. ಜಿನೀವಾದ ಚಾರ್ಲ್ಸ್ ಬೋನೆ ಅನ್ನುವವರು 1760ರಲ್ಲೇ ತಮ್ಮ ಅಜ್ಜನ ವಿಷಯ ಬರೆದಿಟ್ಟಿದ್ದಾರೆ. ಕಣ್ಣು ಮಂಜಾಗಿದ್ದ, ಬುದ್ಧಿ ಚುರುಕಾಗಿದ್ದ ಆ ಅಜ್ಜನಿಗೂ ಜನ, ಹಕ್ಕಿ, ಕಟ್ಟಡ ಕಾಣುತ್ತಿದ್ದವಂತೆ. ಕಣ್ಣಿನಿಂದ ಚಿತ್ರ ಬರುವುದು ಕಮ್ಮಿಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಹುಚ್ಚಲ್ಲ. ದೀಪ ಹಾಕಿ, ಕಣ್ಣು ಮಿಟುಕಿಸಿ, ನೋಟ ಎಡಕ್ಕೆ ಬಲಕ್ಕೆ ಆಡಿಸಿ, ಎದ್ದು ಓಡಾಡಿ ಅಂದರು. ಹಾಗೆ ಮಾಡಿದರೆ ರುಮಾಲಿನವರು ಹೋಗುತ್ತಾರೆ. ಧ್ವನಿ ಕೂಡ ಕೇಳಿದರೆ, ಕಾಣುವವರು ನಿಜವಾಗಿಯೂ ಇದ್ದಾರೆ ಅಂತ ಅನ್ನಿಸತೊಡಗಿದರೆ ಅದು ಬೇರೆ ತೊಂದರೆ ಇರಬಹುದು, ಆಗಲೂ ಡಾಕ್ಟರಿಗೇ ಹೇಳಬೇಕು.

ಗೆಳತಿಗೆ ಹೋಗಿ ಹೇಳಿದೆ, "ದರ್ಶನ ಅಲ್ಲವಾ, ಮಿದುಳಿನ ಆಟ" ಅಂತ. ಆಕೆಗೆ ನಿರಾಸೆಯಾಯಿತು. ನನಗೆ ಹಗುರಾಯಿತು. ಕಂಡದ್ದನ್ನೆಲ್ಲ ದೇವರು ಅಂದುಬಿಟ್ಟರೆ, ಕಾಣದೆ ಅಂಗೈಯಲ್ಲಿ ಬಿಸಿಯಾಗಿ ಕೂತವನಿಗೆ ಏನು ಅನ್ನಲಿ?

ಮನೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಟೀಲ್ ತಾಟಿನಲ್ಲಿ ಅನ್ನ ಕಾಣುವುದಿಲ್ಲ, ಗಾಢ ಬಣ್ಣದ ತಾಟಿನಲ್ಲಿ ಕಾಣುತ್ತದೆ. ಹಾಲಿಗೆ ಕಪ್ಪು ಬಟ್ಟಲು. ಮೆಟ್ಟಿಲಂಚಿಗೆ ಹಳದಿ ಟೇಪು. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡು, ಸಕ್ಕರೆಗೆ ಇಲ್ಲ. ಮೊದಮೊದಲು ಸೊಸೆ "ಅತ್ತಿ, ನೀವು ಒಲಿ ಹತ್ರ ಬರಬ್ಯಾಡ್ರಿ" ಅನ್ನುತ್ತಿದ್ದಳು. ಪ್ರೀತಿಯಿಂದಲೇ. ಆದರೆ ಕೆಲಸವಿಲ್ಲದೆ ಕೂರುವುದು ಕಣ್ಣಿಲ್ಲದ್ದಕ್ಕಿಂತ ಕಷ್ಟ. ಈಗ ಒಪ್ಪಂದ ಆಗಿದೆ. ರೊಟ್ಟಿ ನಾನು ಬಡಿಯುತ್ತೇನೆ, ಹಂಚಿಗೆ ಹಾಕಿ ಸುಡುವುದು ಆಕೆ. ಹಿಟ್ಟು ತೆಳ್ಳಗಾಗುತ್ತಾ ಬಂದಂತೆ ಬಡಿತದ ಸಪ್ಪಳ ಬದಲಾಗುತ್ತದೆ. ಕಿವಿಗೊಟ್ಟರೆ ಎಲ್ಲಿ ದಪ್ಪ ಉಳಿದಿದೆ ಅಂತ ತಿಳಿಯುತ್ತದೆ.

ಓದಿನದು ದೊಡ್ಡ ನಷ್ಟ. ಅದಕ್ಕೆ ಪೂರ್ತಿ ಸಮಾಧಾನ ನನಗೆ ಸಿಕ್ಕಿಲ್ಲ. ಫೋನು ಕನ್ನಡ ಓದಿ ಹೇಳುತ್ತದೆ, ಮೊಮ್ಮಗಳು ಹಾಕಿಕೊಟ್ಟಿದ್ದಾಳೆ. ಸುದ್ದಿಗೆ ಅದು ಸಾಕು. ವಚನ ಓದಿದರೆ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಒಂದು ರಾತ್ರಿ ನನಗೆ ಬಾಯಿಪಾಠ ಬರುವ ವಚನ ಎಷ್ಟು ಅಂತ ಎಣಿಸತೊಡಗಿದೆ. ಮೊಮ್ಮಗಳು ಹೆಸರುಕಾಳು ಒಂದೊಂದೇ ಬಟ್ಟಲಿಗೆ ಹಾಕಿ ಲೆಕ್ಕ ಇಟ್ಟಳು. ನೂರಾ ಹನ್ನೆರಡು. ಕಲಿಸುತ್ತಾ ಕಲಿಸುತ್ತಾ ಒಳಗೆ ಉಳಿದದ್ದು. ಈಗ ವಾರಕ್ಕೊಂದು ಹೊಸದು ಆಕೆ ಓದುತ್ತಾಳೆ, ನಾನು ಕಲಿಯುತ್ತೇನೆ. ಆಕೆಗೂ ಬರುತ್ತಿದೆ. ನಿಮ್ಮಲ್ಲಿ ಕಣ್ಣು ಚೆನ್ನಾಗಿರುವವರು ಇವತ್ತಿನಿಂದಲೇ ಬಾಯಿಪಾಠ ಶುರು ಮಾಡಿ.

ಹೋದ ತಿಂಗಳು ನೇತ್ರದಾನಕ್ಕೆ ಹೆಸರು ಬರೆಸಿದೆ. "ಕೆಟ್ಟ ಕಣ್ಣು ಯಾರಿಗೆ ಬೇಕು" ಅಂದುಕೊಂಡಿದ್ದೆ. ತೆಗೆದುಕೊಳ್ಳುವುದು ಕಣ್ಣಿನ ಮುಂದಿನ ಕಾರ್ನಿಯಾ ಅನ್ನುವ ತೆಳು ಪದರ. ನನ್ನದು ಹಾಳಾಗಿರುವುದು ಹಿಂದಿನ ಪರದೆ. ಮುಂದಿನದು ಚೆನ್ನಾಗಿದೆ ಅಂದರು. ಜೀವ ಹೋದ ಮೇಲೆ ಆರು ತಾಸಿನೊಳಗೆ ತೆಗೆಯಬೇಕು. ಮಗನಿಗೆ ಹೇಳಿಟ್ಟಿದ್ದೇನೆ.

ನಮ್ಮ ಅಕ್ಕನಿಗೆ 82. ಆಕೆಗೆ ಇದು ಸರಿ ಬರಲಿಲ್ಲ. ನಮ್ಮಲ್ಲಿ ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸಿ ಸಮಾಧಿ ಮಾಡುತ್ತಾರಲ್ಲ. "ಕಣ್ಣು ಕೊಟ್ಟುಬಿಟ್ರ ಅಲ್ಲಿ ಲಿಂಗ ಹೆಂಗ ನೋಡ್ತಿ?" ಅಂತ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾದ ಚಿಂತೆಯಿಂದ. ನಾನು ವಾದ ಮಾಡಲಿಲ್ಲ. ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಅಕ್ಕಾ, ಕಣ್ಣು ಮುಚ್ಚು, ನಿನ್ನ ಲಿಂಗ ತಗೊಂಡು ಕೈಯಾಗ ಇಟ್ಕೋ. ಬಿಸಿ ಆಗೋತನಕ ತೆರೀಬ್ಯಾಡ" ಅಂದೆ. ಇಬ್ಬರೂ ಕೂತೆವು.

ಬಹಳ ಹೊತ್ತಿನ ಮೇಲೆ ಆಕೆ, "ಎಂಬತ್ತೆರಡಕ್ಕೂ ತಗೋತಾರೇನು?" ಅಂತ ಕೇಳಿದಳು.

ತಗೋತಾರೆ. ವಯಸ್ಸಿನ ಮಿತಿ ಇಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಫಾರ್ಮ್ ಮೊಮ್ಮಗಳ ಚೀಲದಲ್ಲಿವೆ. ಚಹಾ ಕುಡಿದ ಮೇಲೆ ಬೇಕಾದವರು ಆಕೆಯನ್ನು ಕೇಳಿ. ನನ್ನ ಹತ್ತಿರ ಬರುವವರು ಹೆಸರು ಹೇಳಿ ಬನ್ನಿ.

ಶರಣು.